ಹಿಂದೆ ನಿಂತಿದ್ದವರ ಮುಖ

ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ಮೂವತ್ತು ವರ್ಷಕ್ಕೂ ಮೇಲೆ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೆ. ಬಾಗಿಲು ಹಾಕಿ ಮೂರು ವರ್ಷವಾಯಿತು. ಈ ಕಸುಬಿಗೆ ಹೊಸದಾಗಿ ಇಳಿಯುವವರು ಈಗಲೂ ಮನೆ ಹುಡುಕಿಕೊಂಡು ಬರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ಯಾವ ಕ್ಯಾಮೆರಾ ತಗೊಳ್ಳಲಿ? ನಾನು ಹೇಳುತ್ತೇನೆ. ಯಾವ ಅಂಗಡಿಯಲ್ಲಿ ಚೌಕಾಸಿಗೆ ಗಟ್ಟಿಯಾಗಿ ಕೂತರೆ ಬ್ಯಾಗು, ಮೆಮೊರಿ ಕಾರ್ಡು ಬಿಟ್ಟಿ ಸಿಗುತ್ತದೆ ಎನ್ನುವುದನ್ನು. ಹಳೆಯ ಲೆನ್ಸ್ ಕೊಳ್ಳುವಾಗ ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡುವುದು ಹೇಗೆ. ಮಾರುವವನು ಅವಸರದಲ್ಲಿದ್ದಾನೋ ಇಲ್ಲವೋ ಎಂದು ಅವನ ಚಪ್ಪಲಿ ನೋಡಿ ತಿಳಿಯುವುದು ಹೇಗೆ, ಎಲ್ಲವನ್ನೂ. ಅದಾದ ಮೇಲೆ ಗುರುಮಲ್ಲಪ್ಪನವರ ವಿಷಯ ಎತ್ತುತ್ತೇನೆ. ಅಷ್ಟರಲ್ಲಿ ಬಂದವರು ಎದ್ದು ನಿಂತಿರುತ್ತಾರೆ. ಅವರಿಗೆ ಬೇಕಾದದ್ದು ಸಿಕ್ಕಿರುತ್ತದೆ.

ಹಾಗಾಗಿ ಬರೆಯುತ್ತಿದ್ದೇನೆ. ಒಬ್ಬ ಮನುಷ್ಯನ ಮುಖ ನನ್ನ ಕೈಯಿಂದ ಕಳೆದುಹೋಯಿತು. ಅವರ ಮನೆಯವರು ಅದನ್ನು ವಾಪಸು ಕೇಳಿಕೊಂಡು ಬಂದರು. ಆಗ ನನ್ನ ಹತ್ತಿರ ತಾಲ್ಲೂಕಿನಲ್ಲೇ ದುಬಾರಿ ಕ್ಯಾಮೆರಾ ಇತ್ತು, ಮೂವತ್ತು ವರ್ಷದ ಕೈಚಳಕವೂ ಇತ್ತು.

ಕೈಚಳಕ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳಬೇಕು. ಇಪ್ಪತ್ತನೆಯ ವಯಸ್ಸಿನಲ್ಲಿ ನಾನು ತಿ. ನರಸೀಪುರದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಎದುರಿಗೆ ಶೇಷಪ್ಪನವರ ಸ್ಟುಡಿಯೋ. ನನ್ನನ್ನು ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ಅವರ ಹಿಂದೆ ಬಿದ್ದು, ಒಂದು ವರ್ಷ ಸಂಬಳ ಬೇಡ, ಎರಡು ಹೊತ್ತು ಊಟ ಹಾಕಿ ಸಾಕು ಅನ್ನುವ ಮಾತಿಗೆ ತಂದು ನಿಲ್ಲಿಸಿದೆ. ನನ್ನ ಜೀವನದ ಮೊದಲ ಚೌಕಾಸಿ ಅದು. ಶೇಷಪ್ಪನವರು ತಾವು ಗೆದ್ದೆವು ಎಂದುಕೊಂಡರು, ನಾನು ನಾನೇ ಗೆದ್ದೆ ಎಂದುಕೊಂಡೆ.

ಅವರು ಆರು ತಿಂಗಳು ನನಗೆ ಕ್ಯಾಮೆರಾ ಮುಟ್ಟಿಸಲಿಲ್ಲ. ಮುಟ್ಟಿಸುವಂಥ ಕ್ಯಾಮೆರಾವೂ ಅದಲ್ಲ. ಚರ್ಮದ ಮಡಿಕೆಗಳು ಹರಿದು, ಬೆಳಕು ಸೋರದ ಹಾಗೆ ಎರಡು ಕಡೆ ಗಾಯದ ಪಟ್ಟಿ ಅಂಟಿಸಿದ್ದ ಹಳೆಯ ಡಬ್ಬಿ. ನನ್ನನ್ನು ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಗಿರಾಕಿಗಳು ಬಂದು ಹೋದ ಮೇಲೆ ಪರೀಕ್ಷೆ.

"ಏನ್ ನೋಡ್ದೆ?"

"ಗಂಡ ಎಂಡ್ತಿ ಸಾ. ಒಸದಾಗಿ ಮದ್ವೆ ಆಗವ್ರೆ."

"ಅದು ಬೀದೀಲಿ ಓಗೋ ಎಮ್ಮೆಗೂ ಗೊತ್ತು ಕಣ್ಲಾ. ಗಂಡಂದು ಯಾವ್ ಕೆನ್ನೆ ದಪ್ಪ? ಅವ್ಳು ನಗ್ವಾಗ ಯಾವ್ ಕಡೆ ತುಟಿ ಮೇಲೋಯ್ತದೆ?"

"ನೋಡ್ನಿಲ್ಲ ಸಾ."

"ಮತ್ತೆ ಅಲ್ಲಿ ಕೂತ್ಕಂಡು ನೊಣ ಹೊಡೀತಿದ್ಯಾ?"

ಬಾಯಿ ಕೆಟ್ಟದ್ದು, ಜುಗ್ಗ ಮನುಷ್ಯ. ಒಂದೇ ಬಲ್ಬಿನಲ್ಲಿ ಕೆಲಸ ತೂಗಿಸುತ್ತಿದ್ದರು. ಆದರೆ ಅವರು ತೆಗೆದ ಫೋಟೋದಲ್ಲಿ ಜನ ತಮ್ಮ ಹಾಗೇ ಕಾಣುತ್ತಿದ್ದರು. ಕಣ್ಣಿಗೆ ಬಿದ್ದ ಮನುಷ್ಯನನ್ನು ಮೊದಲು ಓದಿಕೊಂಡು ಆಮೇಲೆ ಬಟನ್ ಒತ್ತುವುದು ನನಗೆ ಅಲ್ಲಿಂದ ಅಭ್ಯಾಸವಾಯಿತು. ಕೊನೆಗೆ ಅದೂ ತಪ್ಪಿಹೋಯಿತು.

ನಾನು ನಂಜನಗೂಡಿಗೆ ಬಂದು ಸ್ವಂತ ಅಂಗಡಿ ಹಾಕಿದ ಮೊದಲ ವರ್ಷ ಒಂದು ನಾಮಕರಣಕ್ಕೆ ಹೋದೆ. ಮೂವತ್ತಾರು ಫೋಟೋ ತೆಗೆದೆ. ರಾತ್ರಿ ಕ್ಯಾಮೆರಾ ಬಿಚ್ಚಿ ನೋಡಿದರೆ ರೀಲು ಒಳಗಿನ ಚಕ್ರದ ಹಲ್ಲಿಗೆ ಕಚ್ಚಿಕೊಂಡೇ ಇಲ್ಲ. ಒಂದು ಅಂಗುಲವೂ ಸುತ್ತಿಲ್ಲ. ಬೆಳಿಗ್ಗೆ ಎದ್ದವನೇ ಅವರ ಮನೆಗೆ ಹೋದೆ. ನಿನ್ನೆ ಮಗು ಬಹಳ ಅಳುತ್ತಿತ್ತು, ಇವತ್ತು ನಗುಮುಖದಲ್ಲಿ ಇನ್ನೊಮ್ಮೆ ಬಿಟ್ಟಿಯಾಗಿ ತೆಗೆದುಕೊಡುತ್ತೇನೆ ಎಂದು ಶುರುಮಾಡಿದೆ. ಅಜ್ಜಿ ಕೈ ಅಡ್ಡ ಹಿಡಿದರು.

"ಸಾಕು ಸುಮ್ಕಿರಪ್ಪ. ನಿನ್ ಮಕ ನೋಡುದ್ರೇ ಗೊತ್ತಾಯ್ತದೆ, ಏನೋ ಎಡವಟ್ ಮಾಡ್ಕಂಡಿದ್ದೀಯ. ಬಾ, ಇನ್ನೊಂದ್ ಸರ್ತಿ ತೊಟ್ಲು ಕಟ್ತೀವಿ."

ಹೆಂಗಸರೆಲ್ಲ ಮತ್ತೆ ರೇಷ್ಮೆ ಸೀರೆ ಉಟ್ಟರು. ಮಗುವಿನ ಕಿವಿಯಲ್ಲಿ ಎರಡನೆಯ ಸಲ ಹೆಸರು ಹೇಳಿದರು. ಎಲ್ಲರೂ ಬದುಕಿದ್ದರು, ಎಲ್ಲರೂ ಮನೆಯಲ್ಲಿದ್ದರು, ಮಾತಾಡಿ ಸರಿಮಾಡಿಕೊಂಡೆ. ನನ್ನ ಕಸುಬಿನಲ್ಲಿ ಯಾವ ತಪ್ಪನ್ನೂ ಮಾತಿನಿಂದ ಸರಿಪಡಿಸಬಹುದು ಎಂಬ ಧೈರ್ಯ ಬಂದದ್ದು ಆವತ್ತಿನಿಂದ. ಅದು ಕೆಟ್ಟ ಧೈರ್ಯ. ನಿಮಗೆ ಬಂದಿದ್ದರೆ ಬಿಟ್ಟುಬಿಡಿ.

ಆಮೇಲೆ ರೀಲು ಹೋಗಿ ಡಿಜಿಟಲ್ ಬಂತು. ಕತ್ತಲೆ ಕೋಣೆಯನ್ನು ಒಡೆಸಿ ಕಂಪ್ಯೂಟರ್ ಇಟ್ಟೆ. ಸಾಧಾರಣ ಕ್ಯಾಮೆರಾದಲ್ಲೇ ಕೆಲವು ವರ್ಷ ಚೆನ್ನಾಗಿ ನಡೆಯಿತು. ಒಂದು ದಿನ ನರಸೀಪುರದ ಕಡೆಯ ದೊಡ್ಡ ವ್ಯಾಪಾರಿಯೊಬ್ಬರು ಮಗನ ಮದುವೆಯ ಫೋಟೋಗೆ ಗೊತ್ತುಮಾಡಲು ಬಂದರು. ಮಾತು ಮುಗಿಯುವ ಹೊತ್ತಿಗೆ ಅವರ ಕಣ್ಣು ಮೇಜಿನ ಮೇಲಿದ್ದ ನನ್ನ ಕ್ಯಾಮೆರಾ ಮೇಲೆ ಬಿತ್ತು.

"ಇದೇಯಾ ನಿಮ್ ಕ್ಯಾಮ್ರಾ? ನಮ್ಮಳಿಯಂದು ಇದ್ಕಿಂತ ದೊಡ್ದಾಗದಲ್ರೀ!"

ಅವರು ಮತ್ತೆ ಬರಲಿಲ್ಲ. ನಾನು ಸುಳ್ಳು ಹೇಳುವುದಿಲ್ಲ: ಗಿರಾಕಿ ಮೊದಲು ನೋಡುವುದು ನಿಮ್ಮ ಕೈಯಲ್ಲಿರುವ ವಸ್ತುವನ್ನೇ. ಒಂದು ತಿಂಗಳೊಳಗೆ ದೊಡ್ಡ ಕ್ಯಾಮೆರಾ ಕೊಂಡೆ, ಜೊತೆಗೆ ಬಾಳೆಕಾಯಿಗಿಂತ ಗಿಡ್ಡ, ತೆಂಗಿನಕಾಯಿಯಷ್ಟು ದಪ್ಪದ ಒಂದು ಲೆನ್ಸ್. ಅದರ ಬಾಯಿ ಪೂರ್ತಿ ತೆರೆದು ತೆಗೆದರೆ ಒಂದು ಗೇಣು ಜಾಗ ಮಾತ್ರ ಚೊಕ್ಕವಾಗಿ ಬರುತ್ತದೆ. ಅದರ ಮುಂದಿನದ್ದೂ ಹಿಂದಿನದ್ದೂ ಬೆಣ್ಣೆಯಂತೆ ಕರಗಿಹೋಗುತ್ತದೆ. ನಮ್ಮ ಚೌಟ್ರಿಗಳಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಗುಲಾಬಿ ಗೋಡೆ, ಪ್ಲಾಸ್ಟಿಕ್ ಕುರ್ಚಿಗಳ ರಾಶಿ, ಆಕಳಿಸುವ ನೆಂಟರು, ಎಲ್ಲ ಮಾಯ. ಮದುಮಗಳ ರೆಪ್ಪೆಯ ಒಂದೊಂದು ಕೂದಲನ್ನೂ ಎಣಿಸಬಹುದು.

ಆ ಲೆನ್ಸ್ ಹಾಕಿಕೊಂಡು ಹೋದ ಮೂರನೆಯದೋ ನಾಲ್ಕನೆಯದೋ ಮದುವೆ ರತ್ನಳದ್ದು. ಕಳಲೆ ಹತ್ತಿರದ ಊರಿನ ಹುಡುಗಿ. ಅಪ್ಪ ಗುರುಮಲ್ಲಪ್ಪನವರು ತಾಂಡ್ಯದ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆಯವರು, ಅಮ್ಮ ಮಹದೇವಮ್ಮ. ಒಬ್ಬಳೇ ಮಗಳು. ನಾನು ಆವತ್ತು ಮದುವೆ ಮಾಡಿಸುವ ಅಯ್ನೋರ ಹತ್ತಿರ ಮಾತಾಡಿ, ತಾಳಿ ಕಟ್ಟುವಾಗ ಒಂದು ಉಸಿರು ನಿಧಾನ ಮಾಡಿ ಎಂದು ಒಪ್ಪಿಸಿದ್ದೆ. ಲೆನ್ಸಿನ ಬಾಯಿಯನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಒಮ್ಮೆಯೂ ಕಿರಿದು ಮಾಡಲಿಲ್ಲ.

ಧಾರೆ ಮುಗಿದ ಮೇಲೆ ಬಿಳಿ ಶರ್ಟಿನವರೊಬ್ಬರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು:

"ಸಾ, ಮಗ್ಳ್ ಜೊತೆ ನಂದೂ ಒಂದ್ ಇರ್ಲಿ ಅಂತ. ನಾನ್ ಇಂದ್ಗಡೆನೇ ನಿಂತ್ಕತೀನಿ. ನೀವೇನ್ ತಲೆ ಕೆಡಿಸ್ಕಬ್ಯಾಡಿ."

ನಾನು ಕಣ್ಣನ್ನು ಕ್ಯಾಮೆರಾದಿಂದ ತೆಗೆಯಲಿಲ್ಲ. "ಆಯ್ತು ಯಜಮಾನ್ರೆ, ನಿಂತ್ಕಳಿ" ಎಂದೆ. ಅವರು ಹೋಗಿ ಮಗಳಿಗೆ ಎರಡು ಮಾರು ಹಿಂದೆ, ಬಾಳೆಕಂದಿನ ಪಕ್ಕ ನಿಂತರು. ಹಳೆಯ ನಾನಾಗಿದ್ದರೆ ಅಪ್ಪನಾದವನು ಹಿಂದೆ ಯಾಕೆ ನಿಲ್ಲುತ್ತಾನೆ ಎಂದು ಕೇಳುತ್ತಿದ್ದೆ, ತೋಳು ಹಿಡಿದು ಮುಂದಕ್ಕೆ ಎಳೆಯುತ್ತಿದ್ದೆ. ಅಥವಾ ಹಳೆಯ ಕ್ಯಾಮೆರಾ ಇದ್ದಿದ್ದರೂ ಸಾಕಿತ್ತು. ಅದು ಹಿಂದೆ ಮುಂದೆ ಅನ್ನದೆ ಎಲ್ಲರನ್ನೂ ಒಂದೇ ಹದದಲ್ಲಿ ಹಿಡಿಯುತ್ತಿತ್ತು. ನಾನು ಮದುಮಗಳ ರೆಪ್ಪೆಗೆ ಫೋಕಸ್ ಮಾಡಿ ಒತ್ತಿದೆ.

ಆ ಫೋಟೋ ಬಹಳ ಚೆನ್ನಾಗಿ ಬಂತು. ದೊಡ್ಡದು ಮಾಡಿಸಿ ಅಂಗಡಿಯ ಮುಂದಿನ ಗಾಜಿನಲ್ಲಿ ಹಾಕಿದೆ. ಮೈಸೂರಿನಿಂದ ಬಂದ ಇಬ್ಬರು ಫೋಟೋಗ್ರಾಫರುಗಳು ನಿಂತು ನೋಡಿ, ಹಿಂದೆ ಎಷ್ಟು ಚೆನ್ನಾಗಿ ಕರಗಿದೆ ನೋಡು ಎಂದು ಮಾತಾಡಿಕೊಂಡರು. ಅದನ್ನು ನೋಡಿಯೇ ನಾಲ್ಕು ಮದುವೆ ಬುಕ್ ಆದವು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಆ ಊರಿನಿಂದ ಫೋನ್ ಬಂತು. ಗುರುಮಲ್ಲಪ್ಪನವರು ಎದೆನೋವು ಎಂದು ಕೂತವರು ಹಾಗೇ ತೀರಿಕೊಂಡಿದ್ದರು. ನಮ್ಮ ಕಡೆ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆತುಂಬ ವಿಭೂತಿ, ಕೊರಳಿಗೆ ಹಾರ. ಮನೆಯವರು ಅಕ್ಕಪಕ್ಕ ಕೂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಹೊಸಬರು ಈ ಕೆಲಸಕ್ಕೆ ಹೋಗಲು ಹಿಂಜರಿಯುತ್ತಾರೆ. ಹೋಗಿ. ಫ್ಲ್ಯಾಶ್ ಹಾಕಬೇಡಿ, ಕಿಟಕಿ ತೆಗೆಸಿ. ಗಲ್ಲ ಮುಚ್ಚಿರುವ ಹೂವನ್ನು ಸ್ವಲ್ಪ ಕೆಳಗೆ ಸರಿಸಿ ಎಂದು ಅಳದೆ ಇರುವ ಒಬ್ಬರನ್ನು ಹುಡುಕಿ ಹೇಳಿ.

ನಾನು ಹೂವು ಸರಿಸಲು ಹೇಳುತ್ತಿದ್ದಾಗ ಒಬ್ಬರು, "ಇವ್ರ್ ಮಗ್ಳ್ ಮದ್ವೇಗೂ ನೀವೇ ಅಲ್ವಾ ಬಂದಿದ್ದು?" ಎಂದು ಕೇಳಿದರು. ತಲೆಯಾಡಿಸಿದೆ. ಎದುರಿಗೆ ಕೂತಿದ್ದ ಮುಖ ನನಗೆ ಗುರುತು ಹತ್ತಲಿಲ್ಲ. ಸತ್ತ ಮೇಲೆ ಮುಖ ಬದಲಾಗುತ್ತದೆ ಎಂದುಕೊಂಡೆ. ಮನೆಯವರೆಲ್ಲ ಒಟ್ಟಿಗೆ ಬರಬೇಕಲ್ಲ, ಲೆನ್ಸಿನ ಬಾಯಿ ಕಿರಿದು ಮಾಡಿದೆ. ಎಲ್ಲರೂ ಚೊಕ್ಕವಾಗಿ ಬಂದರು.

ಎರಡು ದಿನ ಬಿಟ್ಟು ರತ್ನ ಅಂಗಡಿಗೆ ಬಂದಳು. ಕೈಯಲ್ಲಿ ಮದುವೆಯ ಆಲ್ಬಮ್ ಇತ್ತು.

"ಸಾ, ಹನ್ನೊಂದ್ನೇ ದಿನ ಶಿವಗಣಾರಾಧನೆ. ಇಡಕ್ಕೆ ಅಪ್ಪನ ಫೋಟೋ ಇಲ್ಲ."

"ಯಾವುದೂ ಇಲ್ಲವಾ?"

"ಆಧಾರ್ ಕಾರ್ಡಲ್ಲಿ ಅದೆ, ಅದು ಬರೀ ಮಸಿ ಸಾ, ಕಣ್ಣು ಮೂಗೇ ಗೊತ್ತಾಗಕಿಲ್ಲ. ಕ್ಯಾಂಟೀನೋರ್ ಫೋನಲ್ಲೂ ಕೇಳ್ದೆ. ಫೋಟೋ ಅಂದ್ರೆ ಅಪ್ಪ ಎದ್ದು ಒಳಿಕ್ಕೆ ಓಯ್ತಿತ್ತಂತೆ. ಮದ್ವೇದ್ರಲ್ಲಿ ಇರ್ತದೆ ಅಲ್ವಾ ಸಾ? ನಿಂತಿತ್ತು ಅಪ್ಪ. ನಾನೇ ನೋಡಿವ್ನಿ."

ಕಂಪ್ಯೂಟರಿನಲ್ಲಿ ಎಲ್ಲವನ್ನೂ ತೆರೆದು ಒಂದೊಂದೇ ನೋಡಿದೆವು. ಗುರುಮಲ್ಲಪ್ಪನವರು ಹದಿನಾಲ್ಕು ಕಡೆ ಇದ್ದರು. ಹದಿನಾಲ್ಕರಲ್ಲೂ ಯಾರದ್ದೋ ಹಿಂದೆ ಇದ್ದರು. ಬಿಳಿ ಶರ್ಟು, ಅದರ ಮೇಲೆ ಗೋಧಿ ಬಣ್ಣದ ಒಂದು ಉಂಡೆ. ಮೂಗಿಲ್ಲ, ಮೀಸೆಯ ಜಾಗದಲ್ಲಿ ಒಂದು ಕಪ್ಪು ನೆರಳು. ಧಾರೆ ಎರೆಯುವಾಗ, ಊಟ ಬಡಿಸುವಾಗ ಮಾತ್ರ ಸ್ವಲ್ಪ ಹತ್ತಿರ ಬಂದಿದ್ದರು; ಎರಡರಲ್ಲೂ ತಲೆ ಬಗ್ಗಿಸಿದ್ದರು.

"ಇದ್ನ ಕ್ಲಿಯರ್ ಮಾಡಿ ಸಾ. ಕಂಪ್ಯೂಟರಲ್ಲಿ ಆಯ್ತದಂತಲ್ಲ."

"ಆಗಲ್ಲ ಕಣಮ್ಮ. ಇಲ್ಲಿ ಮುಖ ಇದ್ದು ಮರೆಯಾಗಿರೋದಲ್ಲ. ಮುಖ ಬಂದೇ ಇಲ್ಲ."

ಅವಳು ಎದ್ದು ಹೊರಗೆ ಹೋಗಿ ಗಾಜಿನಲ್ಲಿದ್ದ ತನ್ನದೇ ದೊಡ್ಡ ಫೋಟೋ ನೋಡುತ್ತ ನಿಂತಳು. ಒಳಗಿನಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು.

"ಬಾಳೆಕಂದಿನ್ ಪಕ್ಕ ಇರಾದು ಅಪ್ಪನೇ ಅಲ್ವಾ ಸಾ?" ಎಂದಳು.

ಮೂರು ತಿಂಗಳು ಆ ಫೋಟೋದ ಕೆಳಗೆ ಓಡಾಡಿದ್ದೆ. ಆ ಉಂಡೆ ಒಬ್ಬ ಮನುಷ್ಯ ಎಂದು ನನಗೆ ತೋಚಿರಲಿಲ್ಲ. ಆವತ್ತೇ ಅದನ್ನು ಇಳಿಸಿದೆ.

ನನ್ನ ಹತ್ತಿರ ಇನ್ನೊಂದು ವಿದ್ಯೆ ಇತ್ತು. ಹಿಂದೆ ಎಷ್ಟೋ ಮನೆಗಳಲ್ಲಿ ಬದುಕಿದ್ದಾಗ ಫೋಟೋ ತೆಗೆಸಿಕೊಂಡವರೇ ಇರುತ್ತಿರಲಿಲ್ಲ. ಸತ್ತ ದಿನದ ಫೋಟೋ ಒಂದೇ ಗತಿ. ಶೇಷಪ್ಪನವರು ಆ ಫೋಟೋದ ಮೇಲೆ ಸಣ್ಣ ಕುಂಚದಲ್ಲಿ ಕಣ್ಣು ಬರೆಯುತ್ತಿದ್ದರು. ಕಣ್ಣು ತೆರೆಸುವುದು ಎಂದೇ ಅದಕ್ಕೆ ಹೆಸರು. ಜೋತುಬಿದ್ದ ತುಟಿಯನ್ನು ಸ್ವಲ್ಪ ಎತ್ತಿ, ಮೂಗಿನ ಹತ್ತಿಯನ್ನು ಅಳಿಸಿ, ಕಣ್ಣೊಳಗೆ ಒಂದು ಬಿಳಿ ಚುಕ್ಕೆ ಇಟ್ಟರೆ ಕೂತ ಹೆಣ ಕೂತ ಮನುಷ್ಯನಾಗುತ್ತಿತ್ತು. ನಾನು ಕುಂಚದಲ್ಲಿ ಕಲಿತು ಕಂಪ್ಯೂಟರಿಗೆ ಬದಲಾಗಿದ್ದೆ. ಮೊನ್ನೆಯ ಫೋಟೋದಲ್ಲಿ ಮುಖವಂತೂ ಚೊಕ್ಕವಾಗಿದೆ. ಕಣ್ಣು ಮಾತ್ರ ಬೇಕು.

"ಅಪ್ಪನ ಕಣ್ಣು ಹೇಗಿತ್ತಮ್ಮ?"

"ನನ್ನಂಗೇ ಸಾ. ಎಲ್ರೂ ಅಂಗೇ ಅಂತಾರೆ."

ಅವಳು ನೆಲ ನೋಡಿಕೊಂಡು ಹೇಳಿದಳು. ದುಃಖಕ್ಕೆ ಹಾಗೆ ಅಂದುಕೊಂಡೆ. ಅವಳನ್ನು ಕಿಟಕಿಯ ಹತ್ತಿರ ಕೂರಿಸಿ, ಅದೇ ಕೋನದಲ್ಲಿ ಅವಳ ಕಣ್ಣುಗಳನ್ನು ತೆಗೆದೆ. ಎರಡು ದಿನ ಕೆಲಸ ಮಾಡಿದೆ. ರೆಪ್ಪೆಗೆ ವಯಸ್ಸು ಕೊಟ್ಟೆ, ಕಣ್ಣಿನ ಕೆಳಗೆ ಚೀಲ ಬರಿಸಿದೆ, ಬಿಳಿಯ ಭಾಗಕ್ಕೆ ಒಲೆಯ ಮುಂದೆ ನಿಂತವರ ಕೆಂಪು ಹಚ್ಚಿದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾರ ಕಣ್ಣನ್ನೂ ತೆರೆಸಿರಲಿಲ್ಲ. ಶೇಷಪ್ಪನವರು ಬದುಕಿದ್ದರೆ ಬೈಯಲು ಏನೂ ಸಿಗುತ್ತಿರಲಿಲ್ಲ ಎಂದು ಹೆಮ್ಮೆಪಟ್ಟೆ. ಕ್ಯಾಮೆರಾ ಕೆಡಿಸಿದ್ದನ್ನು ಕೈ ಉಳಿಸಿಕೊಂಡಿತು ಎಂದುಕೊಂಡೆ.

ಫ್ರೇಮ್ ಹಾಕುವ ಮೊದಲು ತಾನೂ ನೋಡಬೇಕು ಎಂದು ಮಹದೇವಮ್ಮ ಮಗಳ ಜೊತೆ ಬಂದರು. ಕಂಪ್ಯೂಟರಿನ ಮುಂದೆ ಸ್ಟೂಲ್ ಹಾಕಿ ಕೂರಿಸಿದೆ. ಫೋಟೋ ತೆರೆದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡಿದರು. ಇನ್ನೊಮ್ಮೆ ಒರೆಸಿಕೊಂಡು ನೋಡಿದರು.

"ಯಾರ್ ಸಾ ಇವ್ರು?"

"ಅವ್ವ, ಅಪ್ಪ ಕಣವ್ವಾ."

"ಮೂಗು ನಿಮ್ಮಪ್ಪಂದೇ. ಮೀಸೇನೂ ಸರಿ ಅದೆ. ಇವ್ರ್ಯಾಕೆ ನನ್ನ ಇಂಗ್ ನೆಟ್ಗೆ ನೋಡ್ತಾವ್ರೆ?" ನನ್ನ ಕಡೆ ತಿರುಗಿದರು. "ಅವ್ರ್ದು ಮೆಳ್ಳೆಗಣ್ಣು ಸಾ. ಒಂದ್ ಕಣ್ಣು ನನ್ ಮೇಲಿದ್ರೆ ಇನ್ನೊಂದು ಬಾಗ್ಲ್ ಮೇಲಿರೋದು. ಇವ್ಳು ಏಳ್ನಿಲ್ವಾ?"

ರತ್ನ ಅಳಲು ಶುರುಮಾಡಿದಳು.

"ಬದ್ಕಿರಗಂಟ ಎಲ್ರೂ ಆಡ್ಕಂಡ್ರು. ನನ್ ಮದ್ವೆ ಮಾತ್ಕತೇಲಿ ಬೀಗ್ರ್ ಮುಂದೆ ಅಪ್ಪ ತಲೆ ಎತ್ನಿಲ್ಲ. ಗ್ವಾಡೆ ಮೇಲಾದ್ರೂ ನೆಟ್ಗಿರ್ಲಿ ಅಂತ ಅಂಗಂದೆ."

"ನಾನ್ ಯಾವತ್ತಾದ್ರೂ ಆಡ್ಕಂಡಿದ್ನಾ?" ಎಂದರು ಮಹದೇವಮ್ಮ.

ಹಿಂದೆಯೇ ನಿಂತುಕೊಳ್ಳುತ್ತೇನೆ ಎಂದು ಆ ಮನುಷ್ಯ ಯಾಕೆ ಹೇಳಿದರು ಎಂದು ಆಗ ತಿಳಿಯಿತು. ಮೆಳ್ಳೆಗಣ್ಣಿನವರನ್ನು ಹೇಗೆ ತೆಗೆಯಬೇಕೆಂದು ನನಗೆ ಗೊತ್ತಿತ್ತು. ಮುಖವನ್ನು ಅರ್ಧ ತಿರುಗಿಸಿ, ದೂರದ ಒಂದು ಗುರುತು ತೋರಿಸಿ, ಅದನ್ನೇ ನೋಡಿ ಎಂದರೆ ಮೆಳ್ಳೆ ಎದ್ದು ಕಾಣದೆ ಕಣ್ಣು ಮುಖದೊಳಗೆ ಸೇರಿಕೊಳ್ಳುತ್ತದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಎಂದು ಎಷ್ಟು ಜನರನ್ನು ಹಾಗೆ ತೆಗೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಅವರ ಮುಖ ನೋಡಿದ್ದರೆ ಸಾಕಿತ್ತು. ಅವರೇ ಬಂದು ಪಕ್ಕದಲ್ಲಿ ನಿಂತು ಕೇಳಿದ್ದರು.

ಆಗಲೂ ನನ್ನ ಕೆಟ್ಟ ಧೈರ್ಯ ಹೋಗಲಿಲ್ಲ. "ಸರಿಮಾಡೋಣ ತಾಯಿ, ನೀವು ಪಕ್ಕದಲ್ಲೇ ಕೂತು ಹೇಳಿ. ಯಾವ ಕಣ್ಣು?" ಎಂದೆ.

"ಎಡ್ಗಣ್ಣು. ಇಂಗೆ, ಆಚಿಕ್ಕೆ."

ಎಡಗಣ್ಣಿನ ಪಾಪೆಯನ್ನು ಹೊರಕ್ಕೆ ಸರಿಸಿದೆ.

"ಅಷ್ಟೊಂದಲ್ಲ."

ಒಳಕ್ಕೆ ತಂದೆ. ಈಗ ಗುರುಮಲ್ಲಪ್ಪನವರು ಯಾರ ಮೇಲೋ ಸಿಟ್ಟಾಗಿರುವವರ ಹಾಗೆ ಕಂಡರು.

"ಕ್ವಾಪ ಮಾಡ್ಕಳೋರಲ್ಲ ಅವ್ರು. ಒಸಿ ಮೇಲಕ್ಕೆ ಓಗಾದು ಅನ್ಸ್ತದೆ."

ಮೇಲಕ್ಕೆ ಎತ್ತಿದೆ. ಅವರು ತಮ್ಮ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದರು. ಕೈ ಬದಲಿಸಿ ಇನ್ನೊಂದನ್ನು ಮುಚ್ಚಿಕೊಂಡು ನೋಡಿದರು. ಗಂಡ ಎದುರಿಗೆ ಕೂತು ಊಟ ಮಾಡುತ್ತಿದ್ದದ್ದನ್ನು ನೆನಪಿಗೆ ತಂದುಕೊಳ್ಳುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಬಲಗೈಯನ್ನು ಗಾಳಿಯಲ್ಲಿ ಎತ್ತಿ, ಇಲ್ಲಿ ಅವರು, ಇಲ್ಲಿ ನಾನು, ಇಲ್ಲಿ ಬಾಗಿಲು ಎಂದು ಗುರುತು ಹಾಕಿಕೊಂಡರು. ಆಮೇಲೆ ಆ ಕೈ ಹಾಗೇ ನಿಂತುಬಿಟ್ಟಿತು.

"ಬಲ್ಗಣ್ಣೇನೇ ರತ್ನ?"

"ಎಡ್ಗಣ್ಣೇ ಅವ್ವ. ಅಲ್ವಾ? ನೀನೇ ಅಂದ್ಯಲ್ಲ."

ಅವ್ವ, ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮೌಸ್ ಮೇಲಿನ ಕೈ ತೆಗೆದೆ.

"ನೀವೇ ಏಳಿ ಸಾ" ಎಂದರು ಮಹದೇವಮ್ಮ. "ಮದ್ವೆ ದಿವ್ಸ ಬೆಳಿಗ್ಗಿಂದ ಸಂದ್ಗಂಟ ಅಲ್ಲೇ ಇದ್ರಿ. ಫೋಟೋ ತೆಗ್ಯೋರು ನಮ್ಗಿಂತ ಚೆನ್ನಾಗಿ ನೋಡಿರ್ತೀರಿ. ಯಾವ್ ಕಣ್ಣು?"

ಬೈದು ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ. ಅವರು ನಂಬಿ ಕೇಳಿದ್ದರು.

"ನಾನು ನೋಡಲಿಲ್ಲ ತಾಯಿ" ಎಂದೆ.

ಅವರು ಸೆರಗನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು ಹೇಳಿದರು:

"ಅವ್ರ್ ಕಣ್ಣ ಮುಚ್ಬುಡಿ ಸಾ. ನೀವ್ ಮಾಡಿರೋ ಈ ಕಣ್ ನೋಡ್ತಾ ನೋಡ್ತಾ ನಂಗೇ ಮರ್ತೋಯ್ತಾ ಅದೆ."

"ಅವ್ವ, ಬಂದೋರು ಎಣದ್ ಫೋಟೋ ಇಟ್ಟವ್ರೆ ಅಂತಾರೆ ಕಣವ್ವಾ" ಎಂದು ರತ್ನ ಅವರ ಕೈ ಹಿಡಿದಳು.

"ಅನ್ಲಿ. ನಂಗೆ ಇನ್ನೊಬ್ರು ಬ್ಯಾಡ."

ನಾನು ಬರೆದಿದ್ದ ಕಣ್ಣುಗಳನ್ನು ಅವರೆದುರಿಗೇ ಒಂದೊಂದಾಗಿ ಅಳಿಸಿದೆ. ನಾಲ್ಕನೆಯದು, ಮೂರನೆಯದು, ಎರಡನೆಯದು, ರತ್ನಳ ಕಣ್ಣಿನಿಂದ ಮಾಡಿದ ಮೊದಲನೆಯದು. ಕೊನೆಗೆ ಅವರು ತೀರಿಕೊಂಡ ಬೆಳಿಗ್ಗೆ ನಾನು ತೆಗೆದ ಮುಖ ಉಳಿಯಿತು. ರೆಪ್ಪೆ ಇಳಿದಿತ್ತು, ವಿಭೂತಿಯ ಒಂದು ಗೆರೆ ಹುಬ್ಬಿನ ಮೇಲೆ ಸುರಿದಿತ್ತು. ಮಹದೇವಮ್ಮ ಮುಂದಕ್ಕೆ ಬಗ್ಗಿ ನೋಡಿದರು.

"ಊಂ, ಇವ್ರೇ" ಎಂದರು.